ತಿದಿಯ ಪಟ್ಟಿ ಮತ್ತು ನನ್ನ ಬೆನ್ನುನೋವು

ಗೆಳೆಯಾ,

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ಸಂದೇಶ ಓದದೆಯೇ ಹೆಬ್ಬೆರಳು ಎತ್ತುವ ಆಸಾಮಿ. ನಾಲ್ಕು ಜನರೆದುರು ಬರೆದರೆ ಮರ್ಯಾದೆಗಾದರೂ ಓದುತ್ತೀಯ.

ಇಟಲಿಯ ಕಾಸ್ತೆಲ್‌ಫಿದಾರ್ದೊಗೆ ಹೋಗಿದ್ದೆ. 1981ರಲ್ಲಿ ತೆರೆದ ಅಕಾರ್ಡಿಯನ್ ಮ್ಯೂಸಿಯಂ ಇದೆ ಅಲ್ಲಿ, ನಾವು ತಿದಿ ಎಳೆದು ಒತ್ತಿ ನುಡಿಸುವ ಅದೇ ವಾದ್ಯದ್ದು. ಗಾಜಿನ ಹಿಂದೆ ಸಾಲುಸಾಲು ಹಳೆಯ ವಾದ್ಯಗಳು. ಸುಮ್ಮನೆ ನೋಡುವುದು ಬಿಟ್ಟು, ಪಿಯಾನೊದಂಥ ಮನೆಗಳಿದ್ದ ಒಂದೊಂದರಲ್ಲೂ ನಮ್ಮ ತಮಾಷೆಯ ಮೂರನೇ ಬಿಳಿ ಮನೆ ಹುಡುಕಿದೆ. ಇದೆ ಮಾರಾಯ, ಅವೆಲ್ಲದರಲ್ಲೂ ಇದೆ! ಒಬ್ಬನೇ ನಕ್ಕಿದ್ದಕ್ಕೆ ಕಾವಲಿನಾಕೆ ಎರಡು ಹೆಜ್ಜೆ ಹತ್ತಿರ ಬಂದಳು.

ಆ ಊರಿನವರು ಹೇಳುವ ಕಥೆ ನಿನಗಿಷ್ಟವಾಗುತ್ತೆ. ಲೊರೆತೊ ಯಾತ್ರೆಗೆ ಬಂದ ಆಸ್ಟ್ರಿಯಾದವನೊಬ್ಬ ಸೊಪ್ರಾನಿ ಎಂಬ ರೈತನ ಮನೆಯಲ್ಲಿ ತಂಗಿದ್ದನಂತೆ, ಹೋಗುವಾಗ ತನ್ನ ಅಕಾರ್ಡಿಯನ್ ಪೆಟ್ಟಿಗೆ ಬಿಟ್ಟುಹೋದನಂತೆ. ಮಗ ಪಾವ್ಲೊ ಅದನ್ನು ಬಿಚ್ಚಿ, ಒಳಗನ್ನು ಅರಿತು, 1863ರಲ್ಲಿ ತಾನೇ ತಯಾರಿಸಲು ಶುರುಮಾಡಿದ. ನಾನಾಗಿದ್ದರೆ ಬಿಚ್ಚಿ, ಜೋಡಿಸಲು ಬಾರದೆ ನಿನ್ನನ್ನು ಕರೆಯುತ್ತಿದ್ದೆ.

1829ರಲ್ಲಿ ವಿಯೆನ್ನಾದಲ್ಲಿ ಡೆಮಿಯನ್ ಎಂಬ ವಾದ್ಯ ತಯಾರಕ ಪೇಟೆಂಟ್ ಪಡೆದ ಮೊದಲ ಅಕಾರ್ಡಿಯನ್‌ಗೆ ಇದ್ದದ್ದು ಐದೇ ಮನೆ. ತಿದಿ ಎಳೆದರೆ ಒಂದು ಸ್ವರಮೇಳ, ಒತ್ತಿದರೆ ಇನ್ನೊಂದು. ಹೊಸಬನೂ ತುಸು ಅಭ್ಯಾಸದಿಂದ ನುಡಿಸಬಹುದೆಂದು ಆತ ಬರೆದುಕೊಂಡಿದ್ದ. ಪುಣ್ಯಾತ್ಮ, ನನ್ನನ್ನು ನೋಡಿರಲಿಲ್ಲ.

ಮೂಲೆಯ ಗಾಜಿನೊಳಗೆ ಒಂದಿತ್ತು, ತಿದಿಗೆ ಪಟ್ಟಿ ಬಿಗಿದು, ಗುಂಡಿ ಹಾಕಿ. ನನ್ನದೂ ಕಪಾಟಿನಲ್ಲಿ ಹಾಗೇ ಕೂತಿದೆ. ನುಡಿಸದೆ ಬಿಟ್ಟರೆ ರೀಡಿನ, ಅಂದರೆ ಗಾಳಿಗೆ ಅದುರಿ ಸ್ವರ ಹೊರಡಿಸುವ ಲೋಹದ ನಾಲಿಗೆಯ, ಮೇಲಿನ ಪುಟ್ಟ ತೊಗಲು ಸುರುಟಿಕೊಳ್ಳುತ್ತೆ, ರೀಡು ಹಿಡಿದಿಡುವ ಮೇಣ ಒಣಗಿ ಬಿರಿಯುತ್ತೆ, ಆಮೇಲೆ ಸ್ವರ ತಡವರಿಸುತ್ತೆ. ಇದೆಲ್ಲ ಗೊತ್ತಿದ್ದೂ ಆ ಗುಂಡಿ ಬಿಚ್ಚಲಿಲ್ಲ.

ಬೆನ್ನುನೋವಿಗೆ ಬಿಟ್ಟೆ ಅಂತ ಎಲ್ಲರಿಗೂ ಹೇಳಿದ್ದೆನಲ್ಲ. ಹತ್ತು ಕಿಲೋ ಆಸುಪಾಸಿನ ವಾದ್ಯ, ಯಾರೂ ಮರುಪ್ರಶ್ನೆ ಹಾಕಲಿಲ್ಲ. ಬೆನ್ನಿಗೇನೂ ಆಗಿರಲಿಲ್ಲ ಕಣೋ. ನಾನು ಆರು ತಿಂಗಳು ತಿಣುಕಿದ್ದನ್ನು ನೀನು ಒಂದು ಸಂಜೆ, ಬೇರೆ ಯಾರದೋ ಜೊತೆ ಮಾತಾಡುತ್ತಾ, ಕೈ ನೋಡದೆ ನುಡಿಸಿಬಿಟ್ಟೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನಾನೇ. ಮನೆಗೆ ಬಂದು ಪಟ್ಟಿ ಬಿಗಿದೆ. ಆಮೇಲೆ ನಿನ್ನ ಕಾರ್ಯಕ್ರಮಗಳಿಗೆ ಬರಲಾಗದ್ದಕ್ಕೆ ಕೊಟ್ಟ ಕಾರಣಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೋ.

ಇಷ್ಟೆಲ್ಲ ಬರೆಯಲು ಕೂತಿರಲಿಲ್ಲ. ಕಾವಲಿನಾಕೆಯ ಬಗ್ಗೆ ಎರಡು ಸಾಲು ಗೀಚಿ ಮುಗಿಸೋಣ ಅಂತಿದ್ದೆ. ಬಗ್ಗಿ ಕೂತು ಟೈಪ್ ಮಾಡಿ ಈಗ ನಿಜಕ್ಕೂ ಬೆನ್ನು ಹಿಡಿದಿದೆ, ನಗಬೇಡ.

ಹಳದಿ ಕೊಡೆ ಮಾತ್ರ ವಾಪಸ್ ಕೊಡಲ್ಲ.

ನಿನ್ನ,
ಎರಡನೇ ಬಿಳಿ ಮನೆ