ನೈಟ್ ಗಾರ್ಡ್‌ಗೆ ಇನ್ನು ಮನೆಯಲ್ಲಿ ಅಳತೆ ಇಲ್ಲ: ಗ್ರಾಹಕರಿಗೆ ಪತ್ರ

ಗ್ರಾಹಕರಿಗೆಲ್ಲ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಾವು ಮನೆಗೆ ಅಳತೆ ಕಿಟ್ ಕಳಿಸುವುದನ್ನು ನಿಲ್ಲಿಸುತ್ತಿದ್ದೇವೆ. ರಾತ್ರಿ ಹಲ್ಲು ಕಡಿಯುವವರು ಹಲ್ಲು ಸವೆಯದಂತೆ ಅದರ ಮೇಲೆ ಹಾಕಿಕೊಳ್ಳುವ ಕವಚ, ಅಂದರೆ ನೈಟ್ ಗಾರ್ಡ್, ಬೇಕಾದರೆ ಇನ್ನು ಮುಂದೆ ಹಲ್ಲಿನ ಡಾಕ್ಟರ ಹತ್ತಿರ ಅಳತೆ ಕೊಡಬೇಕು. ಅವರು ಅಚ್ಚನ್ನು ಶಿವಮೊಗ್ಗದ ನಮ್ಮ ಲ್ಯಾಬ್‌ಗೆ ಕಳಿಸುತ್ತಾರೆ. ನಾವು ಗಾರ್ಡ್ ಮಾಡಿ ಅವರಿಗೇ ತಲುಪಿಸುತ್ತೇವೆ. ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆಯವರಿಗೆ ಇದರಿಂದ ಒಂದೆರಡು ಓಡಾಟ ಜಾಸ್ತಿ. ಅದೂ ಮಳೆಗಾಲದಲ್ಲಿ. ಹಾಗಾಗಿ ಕಾರಣವನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತಿದ್ದೇವೆ.

ಕಿಟ್‌ನಲ್ಲಿ ಇರುತ್ತಿದ್ದದ್ದು ಒಂದು ಟ್ರೇ ಮತ್ತು ಅಚ್ಚು ತೆಗೆಯುವ, ನಾದಿದ ಹಿಟ್ಟಿನಂಥ ಎರಡು ಬಣ್ಣದ ಪುಟ್ಟಿ. ಎರಡನ್ನೂ ಸೇರಿಸಿ ನಾದಿ, ಟ್ರೇಗೆ ತುಂಬಿ, ಮೇಲಿನ ಹಲ್ಲಿಗೆ ಒತ್ತಿ ಹಿಡಿದು, ಗಟ್ಟಿಯಾದ ಮೇಲೆ ತೆಗೆದು ನಮಗೆ ಪಾರ್ಸಲ್ ಮಾಡುತ್ತಿದ್ದಿರಿ. ಈ ಅಚ್ಚಿನಿಂದ ಮೇಲಿನ ಹಲ್ಲಿನ ಆಕಾರ ಸಿಗುತ್ತದೆ. ಆದರೆ ಬಾಯಿ ಮುಚ್ಚಿದಾಗ ಕೆಳಗಿನ ಹಲ್ಲು ಎಲ್ಲಿ ತಾಗುತ್ತದೆ, ದವಡೆ ಪಕ್ಕಕ್ಕೆ ಜರುಗಿದಾಗ ಯಾವುದು ಯಾವುದಕ್ಕೆ ಉಜ್ಜುತ್ತದೆ, ಇದು ಗೊತ್ತಾಗುವುದಿಲ್ಲ. ಹಲ್ಲು ಕಡಿಯುವವರ ವಿಷಯದಲ್ಲಿ ಬೇಕಾಗಿರುವುದೇ ಅದು ಅಲ್ವಾ?

ಈ ಮಾಹಿತಿ ಇಲ್ಲದೆ ಮಾಡಬಹುದಾದದ್ದು ಮೆತ್ತನೆಯ ಗಾರ್ಡ್ ಮಾತ್ರ. ಪ್ಲಾಸ್ಟಿಕ್ ಶೀಟನ್ನು ಬಿಸಿ ಮಾಡಿ, ನಿಮ್ಮ ಅಚ್ಚಿನಿಂದ ತೆಗೆದ ಪ್ಲಾಸ್ಟರ್ ಮಾಡೆಲ್ ಮೇಲೆ ಗಾಳಿ ಎಳೆದು ಕೂರಿಸಿ, ಅಂಚು ಕತ್ತರಿಸಿದರೆ ಆಯಿತು. ಸ್ವಲ್ಪ ಹೆಚ್ಚುಕಡಿಮೆ ಆದರೂ ಅದು ಬಗ್ಗಿ ಹೊಂದಿಕೊಳ್ಳುತ್ತದೆ. ಮೊದಲ ರಾತ್ರಿಯಿಂದಲೇ ಹಿತವಾಗಿರುತ್ತದೆ. ಯಾವಾಗಲಾದರೂ ಒಮ್ಮೆ ಹಲ್ಲು ಬಿಗಿಯುವವರಿಗೆ ಸಾಕೂ ಸಾಕು. ಜೋರಾಗಿ ಕಡಿಯುವವರಿಗೆ ಮಾತ್ರ ಇದು ಆಗಿ ಬರುವುದಿಲ್ಲ. ದವಡೆ ಹಲ್ಲಿನ ಜಾಗದಲ್ಲಿ ಕೆಲವೇ ತಿಂಗಳಲ್ಲಿ ತೂತು ಬೀಳುತ್ತದೆ. ಇನ್ನು ಕೆಲವರು ಬಾಯಲ್ಲಿ ಮೆತ್ತಗೆ ಏನೋ ಇದೆ ಅಂತ ನಿದ್ದೆಯಲ್ಲೇ ಅದನ್ನು ಅಗಿಯಲು ಶುರುಮಾಡುತ್ತಾರೆ. ಆಗ ಬೆಳಗ್ಗೆ ಕೆನ್ನೆಯ ಸ್ನಾಯು ಮೊದಲಿಗಿಂತ ಜಾಸ್ತಿ ನೋಯುತ್ತದೆ.

ಅಂಥವರಿಗೆ ಸಾಮಾನ್ಯವಾಗಿ ಹೇಳುವುದು ಅಕ್ರಿಲಿಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಗಾರ್ಡ್. ಮೊದಲ ಕೆಲವು ದಿನ ಬಾಯಿ ತುಂಬಿದ ಹಾಗಿರುತ್ತದೆ, ಜೊಲ್ಲು ಬರುತ್ತದೆ, ಮಾತು ತೊದಲುತ್ತದೆ. ಅಭ್ಯಾಸವಾದ ಮೇಲೆ, ಚೆನ್ನಾಗಿ ನೋಡಿಕೊಂಡರೆ, ವರ್ಷಗಟ್ಟಲೆ ಬರುತ್ತದೆ. ಇವೆರಡರ ನಡುವೆ ಒಳಗೆ ಮೆತ್ತಗೆ, ಹೊರಗೆ ಗಟ್ಟಿಯಾಗಿರುವ ಎರಡು ಪದರದ್ದೂ ಇದೆ. ಗಟ್ಟಿಯದು ಬಿಗಿ ಅನ್ನಿಸಿ ತೆಗೆದಿಟ್ಟು ಮಲಗುವವರಿಗೆ ಇದು ಒಳ್ಳೆಯ ದಾರಿ ಅಂತ ನಮ್ಮ ಅಭಿಪ್ರಾಯ. ಎಷ್ಟೇ ಒಳ್ಳೆ ಗಾರ್ಡ್ ಆದರೂ ಡಬ್ಬಿಯೊಳಗೇ ಮಲಗಿದ್ದರೆ ಹಲ್ಲಿಗೇನು ಲಾಭ?

ಗಟ್ಟಿ ಗಾರ್ಡನ್ನು ಬಾಯಲ್ಲಿ ಕೂರಿಸಿ ನೋಡದೆ ಕೊಡಲು ಬರುವುದಿಲ್ಲ. ಡಾಕ್ಟರು ಬಣ್ಣದ ತೆಳು ಕಾಗದವನ್ನು ನಡುವೆ ಇಟ್ಟು ‘ಕಚ್ಚಿ’ ಅನ್ನುತ್ತಾರೆ. ಗಾರ್ಡ್ ಮೇಲೆ ಮೂಡುವ ಗುರುತು ಎರಡೂ ಕಡೆಯ ಹಿಂದಿನ ಹಲ್ಲುಗಳಲ್ಲಿ ಸಮನಾಗಿ ಬೀಳಬೇಕು. ಎಲ್ಲಾದರೂ ಒಂದು ಚುಕ್ಕೆ ದಟ್ಟವಾಗಿದ್ದರೆ ಆ ಜಾಗ ಎತ್ತರ ಅಂತ ಅರ್ಥ. ಅದನ್ನು ಸವೆಸುತ್ತಾರೆ, ಮತ್ತೆ ಕಚ್ಚಿಸುತ್ತಾರೆ. ಹಾಗೇ ಬಿಟ್ಟರೆ ರಾತ್ರಿಯಿಡೀ ಭಾರವೆಲ್ಲ ಒಂದೇ ಹಲ್ಲಿನ ಮೇಲೆ. ಈ ಕೆಲಸ ಲ್ಯಾಬ್‌ನಲ್ಲಿ ಕೂತು ಆಗುವುದಿಲ್ಲ, ಫೋನಿನಲ್ಲಂತೂ ಆಗುವುದೇ ಇಲ್ಲ.

ಇನ್ನೊಂದು ವಿಷಯ. ಪುಟ್ಟಿಯ ಅಚ್ಚು ನೋಡಿ ಹಲ್ಲು ಅಲ್ಲಾಡುತ್ತಿದೆಯಾ, ಹುಳುಕು ಎಷ್ಟು ಆಳಕ್ಕಿದೆ, ಒಸಡಿನಲ್ಲಿ ಕೀವಿದೆಯಾ ಅಂತ ನಾವು ಹೇಳಲಾರೆವು. ಕವಳ (ಎಲೆ ಅಡಿಕೆ) ಹಾಕುವವರಲ್ಲಿ ಹಲ್ಲು ಹಗಲಲ್ಲೂ ಸವೆಯುತ್ತದೆ. ಸವೆತ ಅಡಿಕೆಯದೋ, ರಾತ್ರಿ ಕಡಿತದ್ದೋ ಅಂತ ಬಾಯಿ ನೋಡಿದವರೇ ಹೇಳಬೇಕು. ಅಡಿಕೆ ಬಹಳ ವರ್ಷ ಅಗಿದವರಿಗೆ ಕೆನ್ನೆಯ ಒಳಪದರ ಬಿಗಿದುಕೊಂಡು ಬಾಯಿ ಪೂರ್ತಿ ತೆರೆಯಲು ಆಗದೆ ಇರಬಹುದು. ಟ್ರೇ ಒಳಗೆ ಹೋಗುತ್ತಿಲ್ಲ ಅಂದರೆ ‘ದವಡೆ ಹಿಡ್ಕೊಂಡಿದೆ’ ಅಂತ ಸುಮ್ಮನಿರಬೇಡಿ. ಗಾರ್ಡ್ ವಿಷಯ ಆಮೇಲೆ, ಮೊದಲು ಅದನ್ನು ತೋರಿಸಿ. ಅಡಿಕೆ ಬೆಳೆಯುವ ಊರಿನಲ್ಲಿ ಕೂತು ಇದನ್ನು ಬರೆಯುವುದು ಸ್ವಲ್ಪ ಮುಜುಗರವೇ. ಆದರೂ ಬರೆಯಬೇಕು.

‘ಹಾಗಾದರೆ ಬಿಸಿನೀರಿಗೆ ಹಾಕಿ ಕಚ್ಚಿ ಕೂರಿಸುವ ರೆಡಿಮೇಡ್ ಗಾರ್ಡ್ ತಗೊಳ್ಳಬಹುದಾ?’ ಎಂದು ಕೇಳುವವರಿದ್ದಾರೆ. ಡಾಕ್ಟರ ಹತ್ತಿರ ಹೋಗುವವರೆಗೆ ಕೆಲವು ದಿನಕ್ಕೆ ಪರವಾಗಿಲ್ಲ. ದಪ್ಪ ಇರುತ್ತದೆ, ಸಡಿಲ ಆಗುತ್ತದೆ, ಅಷ್ಟೇ. ಆಟ ಆಡುವವರು ಹಾಕುವ ಗಾರ್ಡ್ ಮಾತ್ರ ತಗೊಳ್ಳಬೇಡಿ. ಅದು ಪೆಟ್ಟು ತಡೆಯುವುದಕ್ಕೆ ಮಾಡಿದ್ದು, ಮಲಗುವುದಕ್ಕಲ್ಲ. ಮುಂದಿನ ನಾಲ್ಕು ಹಲ್ಲಿಗೆ ಮಾತ್ರ ಕೂರುವ ಪುಟ್ಟ ಗಾರ್ಡ್ ಕೂಡ ಸಿಗುತ್ತದೆ. ಡಾಕ್ಟರ ಕಣ್ಗಾವಲಿಲ್ಲದೆ ಅದನ್ನು ತಿಂಗಳುಗಟ್ಟಲೆ ಹಾಕಿದರೆ ಹಲ್ಲುಗಳು ಜಾಗ ಬದಲಿಸಿ, ಬಾಯಿ ಮುಚ್ಚಿದರೂ ಒಂದಕ್ಕೊಂದು ಸರಿಯಾಗಿ ಕೂರದ ಹಾಗೆ ಆಗಬಹುದು.

ಗಾರ್ಡ್ ಮಾರುವವರೇ ಹೀಗೆ ಹೇಳುತ್ತಾರಾ ಅನ್ನಬೇಡಿ: ಇದು ಹಲ್ಲು ಕಡಿಯುವುದನ್ನು ವಾಸಿ ಮಾಡುವುದಿಲ್ಲ. ಕಡಿತ ನಡೆದೇ ಇರುತ್ತದೆ. ಹಲ್ಲಿನ ಬದಲು ಗಾರ್ಡ್ ಸವೆಯುತ್ತದೆ. ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮೆಲ್, ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಅಷ್ಟು ಮಾಡಿದರೂ ದೊಡ್ಡ ಕೆಲಸವೇ. ಚಿಂತೆ, ಸಂಜೆ ಮೇಲಿನ ಕಾಫಿ, ಬೀಡಿ ಸಿಗರೇಟು, ಕುಡಿತ, ಇವೆಲ್ಲ ಕಡಿತವನ್ನು ಹೆಚ್ಚಿಸಬಹುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು. ಹಾಗಂತ ಮಾತ್ರೆಯನ್ನು ನೀವಾಗಿ ಬಿಡಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತ ಹಾಗಾಗಿ ಎದ್ದು ಕೂರುವವರಿದ್ದರೆ ಅವರಿಗೆ ಮೊದಲು ಬೇಕಾದದ್ದು ನಿದ್ದೆಯ ತಪಾಸಣೆ. ಕೆಲವರಿಗೆ ಮಾಮೂಲಿ ಗಾರ್ಡಿನಿಂದ ಉಸಿರಿನ ತೊಂದರೆ ಹೆಚ್ಚೂ ಆಗಬಹುದು.

ಮಕ್ಕಳಿಗೆ ಅಂತ ಆರ್ಡರ್ ಕೊಡಲು ಬರುವವರಿಗೆ ನಾವು ಬೇಡ ಅಂತಲೇ ಹೇಳುತ್ತೇವೆ. ಮಗು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳ ಅಂತ ಅಜ್ಜಿಯರು ಹೇಳುವುದುಂಟು. ಹುಳದ ಔಷಧಿ ಕೊಟ್ಟ ಮಾತ್ರಕ್ಕೆ ಕಡಿತ ನಿಲ್ಲುತ್ತದೆ ಅಂತ ಕಾಯಬೇಡಿ. ಹಾಲುಹಲ್ಲಿನ ವಯಸ್ಸಿನಲ್ಲಿ ಇದು ಸಾಮಾನ್ಯ, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಬೆಳೆಯುವ ದವಡೆಗೆ ಗಾರ್ಡ್ ಹಾಕಬೇಕೋ ಬೇಡವೋ ಡಾಕ್ಟರೇ ಹೇಳಲಿ.

ದವಡೆ ನೋವಿಗೆ ಹಗಲಿನಲ್ಲಿ ನೀವೇ ಮಾಡಿಕೊಳ್ಳಬಹುದಾದದ್ದೂ ಇದೆ. ತುಟಿ ಮುಚ್ಚಿರಲಿ, ಒಳಗೆ ಹಲ್ಲು ಬಿಟ್ಟಿರಲಿ. ಉಣ್ಣುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೆ ಕೆಳಗಿನದು ತಾಗುವ ಅಗತ್ಯವೇ ಇಲ್ಲ. ಲೆಕ್ಕ ಬರೆಯುವಾಗ, ಗಾಡಿ ಓಡಿಸುವಾಗ ಒಮ್ಮೆ ಗಮನಿಸಿ, ಎಷ್ಟೋ ಜನ ಹಗಲೇ ಹಲ್ಲು ಬಿಗಿದಿರುತ್ತಾರೆ. ನೋವಿದ್ದಾಗ ಬಿಸಿಬಟ್ಟೆಯ ಕಾವು ಕೊಡಿ, ಕೆಲವು ದಿನ ಗಂಜಿ, ಮೆತ್ತನೆ ಅನ್ನ ಉಣ್ಣಿ. ಚಕ್ಕುಲಿ, ಹುರಿಗಡಲೆ ಆಮೇಲೆ ನೋಡೋಣ.

ಗಾರ್ಡ್ ಇರುವವರಿಗೆ ಎರಡು ಮಾತು. ಬೆಳಗ್ಗೆ ತಣ್ಣೀರಿನಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆಯಿರಿ, ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಹಂಡೆಯ ಬಿಸಿನೀರು ತಾಗಿದರೆ ಸೊಟ್ಟಗಾಗುತ್ತದೆ. ನಮ್ಮ ಮಳೆಗಾಲ ನಿಮಗೆ ಗೊತ್ತಲ್ಲ, ಹಸಿಯಾಗಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಒರೆಸಿ, ತೂತಿರುವ ಡಬ್ಬಿಯಲ್ಲಿಡಿ. ನಾಯಿಗೆ ಎಟುಕದ ಜಾಗದಲ್ಲಿಡಿ. ಇದು ತಮಾಷೆಯಲ್ಲ, ನಾಯಿಗಳಿಗೆ ಗಾರ್ಡ್ ಅಗಿಯುವುದೆಂದರೆ ಬಲು ಇಷ್ಟ.

ಇನ್ನು ವ್ಯವಹಾರದ ವಿಷಯ. ಈಗಾಗಲೇ ಅಚ್ಚು ಕಳಿಸಿದವರ ಗಾರ್ಡ್ ಮೊದಲಿನಂತೆಯೇ ಬರುತ್ತದೆ. ಕಿಟ್ ತರಿಸಿಕೊಂಡು ಬಳಸದವರು ವಾಪಸ್ ಕಳಿಸಿದರೆ ಪೂರ್ತಿ ಹಣ ಹಿಂತಿರುಗಿಸುತ್ತೇವೆ, ಪಾರ್ಸಲ್ ಖರ್ಚು ನಮ್ಮದು. ಲ್ಯಾಬ್‌ನ ದರ ಹೆಚ್ಚಿಸಿಲ್ಲ. ಆದರೆ ಡಾಕ್ಟರ ಶುಲ್ಕ ಬೇರೆ ಬೀಳುತ್ತದೆ. ಖರ್ಚು ಕಷ್ಟ ಅನ್ನುವವರು ಡೆಂಟಲ್ ಕಾಲೇಜಿನ ಆಸ್ಪತ್ರೆಯಲ್ಲೋ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲೋ ತೋರಿಸಬಹುದು. ಅಲ್ಲಿ ಸಾಮಾನ್ಯವಾಗಿ ಕಡಿಮೆಗೆ ಆಗುತ್ತದೆ. ಹಳೆಯ ಗಾರ್ಡ್ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಅದರ ಮೇಲಿನ ಸವೆತ ನೋಡಿದರೆ ನೀವು ಯಾವ ಕಡೆ, ಎಷ್ಟು ಜೋರಾಗಿ ಕಡಿಯುತ್ತೀರಿ ಅಂತ ಡಾಕ್ಟರಿಗೆ ಅಂದಾಜು ಸಿಗುತ್ತದೆ. ನಿಮ್ಮ ಪ್ಲಾಸ್ಟರ್ ಮಾಡೆಲ್‌ಗಳು ನಮ್ಮಲ್ಲಿವೆ, ಬೇಕಾದವರು ಹೆಸರು ಹೇಳಿ ಒಯ್ಯಬಹುದು.

ಇಂತಿ ನಿಮ್ಮ,
ಲ್ಯಾಬ್‌ನ ಎಲ್ಲರ ಪರವಾಗಿ
ಶಿವಮೊಗ್ಗ