ಉಣ್ಣೆಯ ಎಳೆ ಪುಡಿಯಾದ ಹೊತ್ತು: ಯುವ ಬರಹಗಾರ್ತಿಗೊಂದು ಪತ್ರ

ಪ್ರಿಯ ಗೆಳತಿ,

ಗ್ರೀಕ್ ದುರಂತ ನಾಟಕಗಳ ಹೆಣ್ಣುಗಳ ಬಗ್ಗೆ ನೀನು ಬರೆದ ಕರಡು ಓದಿದೆ. ಮೆಡಿಯಾ, ಅಂತಿಗೊನೆ, ಕ್ಲಿಟೆಮ್ನೆಸ್ಟ್ರಾ ಮೂವರನ್ನೂ ನಾಲ್ಕು ಪುಟದಲ್ಲಿ ತುರುಕಿದ್ದೀಯ. 'ಪುರುಷಪ್ರಧಾನ ವ್ಯವಸ್ಥೆ' ಎಂಬ ಮಾತು ಪುಟಪುಟಕ್ಕೂ ಬರುತ್ತದೆ. ಅದು ಸುಳ್ಳಲ್ಲ. ಆದರೆ ಅದನ್ನು ಬರೆಯಲು ನಾಟಕ ಓದಲೇಬೇಕಾಗಿಲ್ಲ. ಒಂದೇ ನಾಟಕ ಹಿಡಿ, ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ 'ಟ್ರಾಕಿಸ್‌ನ ಹೆಂಗಸರು' ಆಗಬಹುದು (ಟ್ರಾಕಿಸ್ ಎಂಬುದು ಊರು). ಇರುವುದು 1278 ಸಾಲು, ಒಂದು ಸಂಜೆಯ ಓದು.

ಮೊದಲ ಓದಿನಲ್ಲಿ ಬಾಗಿಲನ್ನಷ್ಟೇ ಗಮನಿಸು. ರಂಗದ ಹಿಂದೆ ಮನೆಯ ಬಾಗಿಲು. ಒಳಗು ಹೆಣ್ಣಿನದು, ಹೊರಗು ಗಂಡಿನದು. ಯಾರು ಒಳಹೋದರು, ಯಾರು ಹೊರಬಂದರು, ಸುದ್ದಿ ಎಲ್ಲಿಂದ ಬಂತು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸುತ್ತಾ ಹೋಗು. ನಾಯಕಿ ದೇಯನೀರಳ ಗಂಡ, ವೀರ ಹೆರಾಕ್ಲಿಸ್‌ನ ಸುದ್ದಿಯಿಲ್ಲದೆ 15 ತಿಂಗಳಾಗಿದೆ. ದೂರದ ಹೊಲಕ್ಕೆ ಬಿತ್ತನೆಗೊಮ್ಮೆ, ಕೊಯ್ಲಿಗೊಮ್ಮೆ ಹೋಗುವ ಬೇಸಾಯಗಾರನಂತೆ ಅವನು ಮಕ್ಕಳ ಮುಖ ಕಂಡ ಎನ್ನುತ್ತಾಳೆ ಅವಳು. ಹೊರಗಿನದೆಲ್ಲ ಅವಳಿಗೆ ತಿಳಿಯುವುದು ಗಂಡಸರ ಬಾಯಿಂದಲೇ: ಮಗ, ದೂತ, ಸಾರುವವ ಲಿಖಾಸ್. ಅವರಲ್ಲಿ ಲಿಖಾಸ್ ಸುಳ್ಳು ಹೇಳುತ್ತಾನೆ. ಗಂಡ ಸೆರೆಹಿಡಿದು ಕಳಿಸಿದ ಐಯೊಲೆ ಬರೀ ದಾಸಿಯಲ್ಲ, ಅವಳಿಗಾಗಿಯೇ ಒಂದು ಊರು ಸುಟ್ಟಿದ್ದಾನೆ ಎಂದು ದೇಯನೀರಳಿಗೆ ತಿಳಿಯುವುದು ತಡವಾಗಿ.

ಆಗ ಅವಳ ಕೈಗೆ ಸಿಗುವುದು ಮನೆಯೊಳಗಿನ ಸಾಮಾನು ಮಾತ್ರ: ಒಂದು ನಿಲುವಂಗಿ, ಒಂದು ಪೆಟ್ಟಿಗೆ, ಮುದ್ರೆಯೊತ್ತುವ ಉಂಗುರ, ಕಂಚಿನ ಪಾತ್ರೆಯಲ್ಲಿ ಅಡಗಿಸಿಟ್ಟ, ಅರ್ಧ ಮನುಷ್ಯ ಅರ್ಧ ಕುದುರೆಯಾದ ನೆಸ್ಸಸ್‌ನ ರಕ್ತ. ಗಂಡನ ಬಾಣಕ್ಕೆ ಸಿಕ್ಕು ಸಾಯುತ್ತಾ ಅದನ್ನು ಒಲವಿನ ಮದ್ದೆಂದು ಕೊಟ್ಟವನೂ ಗಂಡಸೇ. ಬೆಂಕಿ, ಬಿಸಿಲು ತಾಕಿಸಬೇಡ ಎಂದಿದ್ದ. ಇಲ್ಲಿ ನಿಧಾನಿಸು. ಆ ಮದ್ದು ವರ್ಷಗಟ್ಟಲೆ ಕತ್ತಲಲ್ಲಿ ತೆಪ್ಪಗಿತ್ತು. ಮನೆಯೊಳಗೇ ಇರು ಎಂದು ಹೆಣ್ಣಿಗೆ ಹಾಕಿದ ಕಟ್ಟಳೆ ಯಾವುದೋ, ವಿಷಕ್ಕೂ ಅದೇ. ಗಂಡನ ಒಲವು ಮರಳಿಸಲು ಅವಳು ಅದನ್ನು ಅಂಗಿಗೆ ಸವರುತ್ತಾಳೆ. ಪ್ರಯೋಗಿಸಿ ನೋಡದೆ ತಿಳಿಯದು ಎಂದು ಮೇಳದ (ರಂಗದಲ್ಲೇ ಇದ್ದು ಹಾಡುವ ಗುಂಪಿನ) ಹುಡುಗಿಯರು ಹೇಳುತ್ತಾರೆ. ಅಷ್ಟರಲ್ಲಿ ಅಂಗಿಯನ್ನು ಹೆರಾಕ್ಲಿಸ್‌ಗೆ ಒಯ್ಯಬೇಕಾದ ಲಿಖಾಸ್ ಹೊರಬರುತ್ತಾನೆ. ಕತ್ತಲಲ್ಲಿ ಮಾಡಿದ್ದಕ್ಕೆ ಮಾನ ಹೋಗುವುದಿಲ್ಲ, ಗುಟ್ಟು ಬಿಡಬೇಡಿ ಎಂದು ದೇಯನೀರ ಆ ಹುಡುಗಿಯರನ್ನು ಬೇಡಿಕೊಳ್ಳುತ್ತಾಳೆ. ಪರೀಕ್ಷಿಸಲು ಬೆಳಕು ಬೇಕಿತ್ತು. ಮರ್ಯಾದಸ್ಥ ಹೆಂಡತಿಗೆ ಆ ಬೆಳಕೇ ಅಪಾಯ.

672ರಿಂದ 706ರವರೆಗಿನ ಸಾಲುಗಳನ್ನು ಗಟ್ಟಿಯಾಗಿ ಓದು. ಅಂಗಿಗೆ ಮದ್ದು ಸವರಿದ ಉಣ್ಣೆಯ ಎಳೆಯನ್ನು ಅವಳು ಬಿಸಿಲಿಗೆ ಎಸೆದಿರುತ್ತಾಳೆ. ಅದು ಗರಗಸದ ಹೊಟ್ಟಿನಂತೆ ಪುಡಿಯಾಗಿ, ಬಿದ್ದ ನೆಲದಿಂದ ದ್ರಾಕ್ಷಿರಸ ಸುರಿದಂತೆ ನೊರೆಯೇಳುತ್ತದೆ. ನಿನ್ನ ಪ್ರಬಂಧ ಶುರುವಾಗಬೇಕಾದ್ದು ಈ ನೊರೆಯಿಂದ.

ಎರಡನೆಯ ಓದು ಸಾವಿನ ಬಗೆಗೆ. ಗ್ರೀಕ್ ದುರಂತ ನಾಟಕಗಳಲ್ಲಿ ಯೊಕಾಸ್ತ, ಫೀದ್ರ, ಅಂತಿಗೊನೆಯಂಥ ಹೆಣ್ಣುಗಳು ಕುಣಿಕೆಗೆ ಕೊರಳೊಡ್ಡುತ್ತಾರೆ. ಕತ್ತಿ ಅಯಾಸ್‌ನಂಥ ಯೋಧನದು. ದೇಯನೀರ ಸಾಯುವುದು ಕತ್ತಿಯಿಂದ, ಆದರೆ ಗಂಡನ ಹಾಸಿಗೆಯ ಮೇಲೆ, ಎದೆಯ ಬಂಗಾರದ ಪಿನ್ನು ಬಿಚ್ಚಿ. ಆ ಅಂಗಿ ತಂದೆಯನ್ನು ಸುಡುತ್ತಿದೆ ಎಂದು ಮಗ ಬಂದು ಶಪಿಸಿದಾಗ ಒಂದು ಮಾತೂ ಆಡದೆ ಒಳಹೋಗುತ್ತಾಳೆ (813ನೇ ಸಾಲಿನ ಹತ್ತಿರ). ಉಳಿದದ್ದನ್ನು ದಾದಿ ಬಂದು ಹೇಳಬೇಕು. ಆಮೇಲೆ ವಿಷವಂಗಿ ತೊಟ್ಟ ಹೆರಾಕ್ಲಿಸ್ ಬರುತ್ತಾನೆ, ಹುಡುಗಿಯಂತೆ ಅಳುತ್ತಿದ್ದೇನೆ, ಹೆಣ್ಣಾಗಿಬಿಟ್ಟೆ ಎಂದು ಗೋಳಿಡುತ್ತಾನೆ. ಗಂಡ ಹೆಂಡತಿ ರಂಗದಲ್ಲಿ ಒಮ್ಮೆಯೂ ಎದುರಾಗುವುದಿಲ್ಲ. ಎರಡೂ ಪಾತ್ರಗಳನ್ನು ಒಬ್ಬನೇ ನಟ ಮುಖವಾಡ ಬದಲಿಸಿ ಆಡಿರಬಹುದು. 'ಪಾತ್ರಗಳು ಅದಲುಬದಲಾದವು' ಎಂದು ಬರೆದು ಮುಗಿಸಬೇಡ. ಗಂಡಸುತನವೂ ಹೊರಗಿನಿಂದ ತೊಡಿಸಿದ ಅಂಗಿ ಎಂಬುದು ಅವನ ಗೋಳಿನಲ್ಲೇ ಕೇಳುತ್ತದೆ, ಅದನ್ನು ಓದುಗರಿಗೂ ಕೇಳಿಸು.

ಒಂದು ಎಚ್ಚರ: ಇವಳನ್ನು ಅಥೆನ್ಸಿನ ನಿಜವಾದ ಗೃಹಿಣಿಯ ಸಾಕ್ಷಿ ಎಂದುಕೊಳ್ಳಬೇಡ. ಬರೆದವನು ಗಂಡಸು, ಆಡಿದವರೂ ಗಂಡಸರು. ಮೇಳದ ಮಾತನ್ನು ಕವಿಯ ಅಭಿಪ್ರಾಯ ಎಂದೂ ಹಿಡಿಯಬೇಡ.

ಇನ್ನು ಐಯೊಲೆ. ದೇಯನೀರ ಮರುಗಿ, ಯಾರಮ್ಮ ನೀನು ಎಂದು ಕೇಳಿದಾಗ ಅವಳು ಬಾಯಿ ಬಿಡುವುದಿಲ್ಲ. ನಾಟಕದುದ್ದಕ್ಕೂ ಅವಳಿಗೆ ಒಂದೇ ಒಂದು ಸಾಲಿಲ್ಲ. ಕೊನೆಗೆ ಸಾಯುತ್ತಿರುವ ಹೆರಾಕ್ಲಿಸ್ ಅವಳನ್ನು ಮದುವೆಯಾಗು ಎಂದು ಮಗನಿಗೆ ಅಪ್ಪಣೆ ಕೊಡುತ್ತಾನೆ. ಮಗ ಒಲ್ಲೆನೆಂದು ಜಗಳಾಡುತ್ತಾನೆ, ಕೊನೆಗೆ ಒಪ್ಪುತ್ತಾನೆ. ಅವಳನ್ನು ಯಾರೂ ಕೇಳುವುದಿಲ್ಲ. ಮುಂದಿನ ಕರಡಿನಲ್ಲಿ ಅವಳಿಗೆ ಒಂದಿಡೀ ಪುಟ ಮೀಸಲಿಡು, ಬರೆದು ಕಳಿಸು.

ನಿನ್ನ ಹಿತೈಷಿ