ಒಂಟಿ ಪೋಷಕರ ವರ್ಗಾವಣೆ: ಸಂಬಳಕ್ಕೂ ಮೊದಲು ಗಂಟೆ ಎಣಿಸಿ

ಮಾನ್ಯ ಸಂಪಾದಕರೇ,

ಬೇರೆ ಊರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ, ಹೋಗಲೋ ಬೇಡವೋ ಎಂಬ ಪ್ರಶ್ನೆಗೆ ಪತ್ರಿಕೆಗಳ ಉದ್ಯೋಗ ಪುಟಗಳಲ್ಲಿ ಬರುವ ಉತ್ತರಗಳು ಹೆಚ್ಚಾಗಿ ಸಂಬಳ, ಬಡ್ತಿ, ಬಾಡಿಗೆ ಈ ಮೂರರಲ್ಲೇ ಮುಗಿಯುತ್ತವೆ. ಮನೆಯಲ್ಲಿ ದುಡಿಯುವ, ಮಗು ನೋಡಿಕೊಳ್ಳುವ ಇಬ್ಬರು ದೊಡ್ಡವರಿದ್ದರೆ ಅಷ್ಟು ಸಾಕಾದೀತು. ವಿಚ್ಛೇದನವಾದವರು, ಸಂಗಾತಿಯನ್ನು ಕಳೆದುಕೊಂಡವರು, ಒಬ್ಬರೇ ದತ್ತು ಪಡೆದವರು ಬೇರೆ ಲೆಕ್ಕದಿಂದ ಶುರುಮಾಡಬೇಕು. ಶಾಲೆ ಮುಗಿದಿದೆ, ಕಚೇರಿ ಮುಗಿದಿಲ್ಲ. ಆ ಹೊತ್ತಿನಲ್ಲಿ ಮಗು ಯಾರ ಬಳಿ ಇರುತ್ತದೆ? ಈ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಹೇಳಲು ಆಗುವವರೆಗೆ ಸಂಬಳದ ಮಾತು ಎತ್ತುವುದೇ ವ್ಯರ್ಥ.

ಲೆಕ್ಕ ಹಾಕುವುದು ಕಷ್ಟವಲ್ಲ. ಶಾಲೆ ಬೆಳಿಗ್ಗೆ 8.30ರಿಂದ ಮಧ್ಯಾಹ್ನ 3.30ರವರೆಗೆ, ಕಚೇರಿ 9.30ರಿಂದ ಸಂಜೆ 6.30ರವರೆಗೆ, ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದಿಟ್ಟುಕೊಳ್ಳಿ. ಮನೆ ಮುಟ್ಟುವಾಗ 7.30. ದಿನಕ್ಕೆ ನಾಲ್ಕು ಗಂಟೆ ಖಾಲಿ. ವಾರಕ್ಕೆ ಐದು ದಿನದ ಕೆಲಸವಾದರೆ ವರ್ಷಕ್ಕೆ 260 ದಿನ. ಅದರಲ್ಲಿ ಶಾಲೆ 200 ದಿನ ನಡೆದರೆ 800 ಗಂಟೆ. ಮಿಕ್ಕ 60 ದಿನ ಶಾಲೆಗೆ ರಜೆ. ಸಾರ್ವತ್ರಿಕ ರಜೆ, ಗಳಿಕೆ ರಜೆ ಎಲ್ಲ ಸೇರಿ ನಿಮಗೆ 30 ದಿನ ಸಿಕ್ಕಿ, ಅದಷ್ಟನ್ನೂ ಶಾಲೆಯ ರಜೆಗೇ ಹೊಂದಿಸಿದರೂ ಇನ್ನೂ 30 ದಿನ, ದಿನಕ್ಕೆ 11 ಗಂಟೆಯಂತೆ 330 ಗಂಟೆ ಉಳಿಯುತ್ತದೆ. ಒಟ್ಟು 1,130. ತಿಂಗಳಿಗೆ ಹತ್ತಿರ ಹತ್ತಿರ 94 ಗಂಟೆ.

ಇದೂ ಕಡಿಮೆಯೇ. ರಜೆಯನ್ನೆಲ್ಲ ಹೀಗೆ ಖರ್ಚು ಮಾಡಿದವರ ಬಳಿ ಮಗುವಿಗೆ ಜ್ವರ ಬಂದ ದಿನಕ್ಕೆ ಏನೂ ಇರುವುದಿಲ್ಲ. ಅದರಲ್ಲೂ ಹೊಸ ಡೇ ಕೇರ್‌ಗೆ ಸೇರಿದ ಮೊದಲ ವರ್ಷ ಚಿಕ್ಕ ಮಕ್ಕಳು ನೆಗಡಿ, ಜ್ವರ, ಭೇದಿ ಎಂದು ಮೇಲಿಂದ ಮೇಲೆ ಮಲಗುತ್ತವೆ. ಹೊಸ ಮಕ್ಕಳ ಗುಂಪಿನಲ್ಲಿ ಹೊಸ ಸೋಂಕುಗಳು ತಗಲುವುದು ಸಹಜ. ಹಾಗಾಗಿ ರಜೆಯಲ್ಲಿ ಕನಿಷ್ಠ 10 ದಿನ ಮುಟ್ಟದೆ ಇಡಬೇಕು. ಹಾಗೆ ಎತ್ತಿಟ್ಟ ಪ್ರತಿ ದಿನಕ್ಕೂ ಮೇಲಿನ ಲೆಕ್ಕಕ್ಕೆ 11 ಗಂಟೆ ಕೂಡಿಸಿ.

ಈಗ ಹೊಸ ಊರಿನಲ್ಲಿ ಮಗು ನೋಡಿಕೊಳ್ಳಲು ಗಂಟೆಗೆ ಎಷ್ಟು ಎಂದು ವಿಚಾರಿಸಿ, ಕನಿಷ್ಠ 94ರಿಂದ ಗುಣಿಸಿ. ತೆರಿಗೆ ಕಳೆದು ಕೈಗೆ ಬರುವ ಹೆಚ್ಚುವರಿ ಸಂಬಳದಲ್ಲಿ ಬಾಡಿಗೆಯ ವ್ಯತ್ಯಾಸ ತೆಗೆದ ಮೇಲೆ ಈ ಮೊತ್ತ ತುಂಬುತ್ತದೆಯೇ ನೋಡಿ. ಈಗಿರುವ ಊರಿನಲ್ಲಿ ಅಜ್ಜಿಯೋ ಅಕ್ಕನೋ ಪಕ್ಕದ ಮನೆಯವರೋ ಬಿಡಿಗಾಸಿಲ್ಲದೆ ತುಂಬಿಕೊಡುತ್ತಿರುವ ಗಂಟೆಗಳು ಯಾವ ಪೇ ಸ್ಲಿಪ್ಪಿನಲ್ಲೂ ಕಾಣುವುದಿಲ್ಲ. ಸಂಬಳ ಶೇ 30ರಷ್ಟು ಏರಿತೆಂದು ಹೋದವರು ವರ್ಷದೊಳಗೆ ಸಾಲಕ್ಕೆ ಬೀಳುವುದು ಸಾಮಾನ್ಯವಾಗಿ ಇಲ್ಲಿಯೇ.

ಪ್ರಯಾಣದ ಸಮಯವನ್ನು ಹಗುರವಾಗಿ ನೋಡಬೇಡಿ. ಮೇಲಿನ ಉದಾಹರಣೆಯಲ್ಲಿ ಹೋಗಲು, ಬರಲು ಅರ್ಧರ್ಧ ಗಂಟೆ ಹೆಚ್ಚಾದರೆ ಕೆಲಸದ 230 ದಿನಗಳಿಗೆ ಇನ್ನೂ 230 ಗಂಟೆ ಸೇರಿತು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಹತ್ತಿರದ ಮನೆಯೇ ಅಗ್ಗ ಎನ್ನುವುದು ಎಷ್ಟೋ ಸಲ ಈ ಒಂದು ಗುಣಾಕಾರದಿಂದಲೇ ತಿಳಿಯುತ್ತದೆ. ಶಾಲೆ ಕಚೇರಿಯ ಬಳಿ ಇರಬೇಕೋ ಮನೆಯ ಬಳಿಯೋ ಎಂದು ಕೇಳುವವರಿದ್ದಾರೆ. ಅದಕ್ಕಿಂತ ಮುಖ್ಯವಾದದ್ದು ಶಾಲೆ ಮತ್ತು ಶಾಲೆಯ ನಂತರದ ಡೇ ಕೇರ್ ಒಂದೇ ಆವರಣದಲ್ಲಿರುವುದು, ಇಲ್ಲವೇ ನಡೆದು ಹೋಗುವಷ್ಟು ಹತ್ತಿರವಿರುವುದು. ವ್ಯವಸ್ಥೆ ಕೈಕೊಡುವುದು ಮಧ್ಯಾಹ್ನ ಮೂರೂವರೆಗೆ, ಒಂದರಿಂದ ಇನ್ನೊಂದಕ್ಕೆ ಮಗುವನ್ನು ದಾಟಿಸುವ ಹೊತ್ತಿನಲ್ಲಿ. ವ್ಯಾನ್ ಬರಲಿಲ್ಲ, ಚಾಲಕ ಫೋನ್ ಎತ್ತುತ್ತಿಲ್ಲ, ನೀವು ಮೀಟಿಂಗಿನಲ್ಲಿದ್ದೀರಿ.

ಊರು ನೋಡಲು ಹೋಗುವವರು ಶನಿವಾರ, ಭಾನುವಾರ ಹೋಗುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಕೆಲಸದ ದಿನ ಹೋಗಿ, ಬೆಳಿಗ್ಗೆ ಎಂಟೂವರೆಗೆ ಮನೆಯ ಜಾಗದಿಂದ ಕಚೇರಿಯವರೆಗೆ ಒಮ್ಮೆ ಪ್ರಯಾಣ ಮಾಡಿ, ಸಂಜೆ ಅದೇ ದಾರಿಯಲ್ಲಿ ಹಿಂದಿರುಗಿ. ಡೇ ಕೇರ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ತಡವಾದರೆ ದಂಡ ಎಷ್ಟು, ಎಷ್ಟು ಸಲ ತಡವಾದರೆ ಸೀಟು ಹೋಗುತ್ತದೆ, ಯಾವ ಮಟ್ಟದ ಜ್ವರಕ್ಕೆ ಮಗುವನ್ನು ಮನೆಗೆ ಕಳಿಸುತ್ತಾರೆ, ಎಷ್ಟು ದಿನದ ಮೇಲೆ ಮತ್ತೆ ಸೇರಿಸಿಕೊಳ್ಳುತ್ತಾರೆ ಎಂದು ಕೇಳಿ. ಸೀಟಿಗೆ ಕಾಯುವ ಪಟ್ಟಿ ಇದ್ದರೆ ಅದರ ಉದ್ದವೇ ನಿಮ್ಮ ಸೇರುವ ದಿನಾಂಕವನ್ನು ತೀರ್ಮಾನಿಸುತ್ತದೆ, ಎಚ್.ಆರ್. ಅಲ್ಲ.

ಶಾಲೆಯ ಅರ್ಜಿಯಲ್ಲಿ ತುರ್ತು ಸಂಪರ್ಕಕ್ಕೆ ಸಾಮಾನ್ಯವಾಗಿ ಎರಡು ಹೆಸರು ಕೇಳುತ್ತಾರೆ. ಮೊದಲನೆಯದು ನಿಮ್ಮದು. ಎರಡನೆಯದು ಅರ್ಧ ಗಂಟೆಯಲ್ಲಿ ಶಾಲೆಗೆ ಬಂದು ಮಗುವನ್ನು ಕರೆದೊಯ್ಯಬಲ್ಲ, ನಿಮ್ಮ ಸಹಿಯಿಂದ ಅಧಿಕಾರ ಪಡೆದ ವಯಸ್ಕರದ್ದಾಗಬೇಕು. ಇನ್ನೊಂದು ಊರಿನಲ್ಲಿರುವ ಅಣ್ಣನ ಹೆಸರು ಬರೆದು ಜಾಗ ತುಂಬಿಸುವವರು ಬಹಳ. ಆಸ್ಪತ್ರೆಗೆ ಸೇರಬೇಕಾದದ್ದು ಮಗುವಲ್ಲ, ನೀವೇ ಎಂದಾದ ದಿನ ಆ ಹೆಸರು ಕೆಲಸಕ್ಕೆ ಬರುವುದಿಲ್ಲ. ಸಹಪಾಠಿಯ ಮನೆಯವರ ಪರಿಚಯವಾಗಿ ವಿಶ್ವಾಸ ಬೆಳೆಯಲು ತಿಂಗಳುಗಳೇ ಬೇಕು. ಅಷ್ಟರವರೆಗೆ ನೆಂಟರೊಬ್ಬರನ್ನು ಕರೆಸಿಕೊಳ್ಳುವುದು ಒಳ್ಳೆಯದೇ. ಆದರೆ ಅವರು ಹಿಂದಿರುಗುವ ದಿನಾಂಕವನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಸಿ, ಅದಕ್ಕೆ ಎರಡು ವಾರ ಮುಂಚೆ ಹೊಸ ಏರ್ಪಾಡು ಶುರುಮಾಡಿ, ಇಬ್ಬರೂ ಇರುವಾಗಲೇ ಮಗುವಿಗೆ ಹೊಂದಿಕೆಯಾಗಲಿ. ಅಜ್ಜಿ ಬಸ್ ಹತ್ತಿದ ಮರುದಿನವೇ ಅಪರಿಚಿತರ ಕೈಗೆ ಮಗುವನ್ನು ಕೊಟ್ಟರೆ ಅದು ಹಟ ಹಿಡಿಯದೆ ಏನು ಮಾಡೀತು? ವಿದೇಶವಾದರೆ ನೆಂಟರ ಸಂದರ್ಶಕ ವೀಸಾದ ಅವಧಿಯೇ ಈ ದಿನಾಂಕವನ್ನು ಹೇಳಿಬಿಡುತ್ತದೆ.

ವಿಚ್ಛೇದಿತರು ಆಫರ್ ಲೆಟರಿಗಿಂತ ಮೊದಲು ಓದಬೇಕಾದ ಕಾಗದ ಮಗುವಿನ ಸುಪರ್ದಿಯ ಆದೇಶ. ಮಗು ನನ್ನ ಬಳಿ ಇದೆ, ಎಲ್ಲಿಗಾದರೂ ಕರೆದೊಯ್ಯಬಹುದು ಎಂಬ ತಿಳಿವಳಿಕೆ ತಪ್ಪಾಗಬಹುದು. ಮಗು ಯಾರ ಮನೆಯಲ್ಲಿ ಬೆಳೆಯುತ್ತದೆ ಎನ್ನುವುದು ಒಂದು. ಶಾಲೆ, ಚಿಕಿತ್ಸೆ, ವಾಸಸ್ಥಳ ತೀರ್ಮಾನಿಸುವ ಹಕ್ಕು ಯಾರದ್ದು ಎನ್ನುವುದು ಇನ್ನೊಂದು. ನ್ಯಾಯಾಲಯದ ವ್ಯಾಪ್ತಿ ಬಿಟ್ಟು ಹೋಗಬಾರದು, ಹೋಗುವ ಮುನ್ನ ತಿಳಿಸಬೇಕು ಎಂಬ ಷರತ್ತು ಆದೇಶದಲ್ಲಿದ್ದರೆ ದೇಶದೊಳಗಿನ ವರ್ಗಾವಣೆಗೂ ಅದು ಅನ್ವಯಿಸುತ್ತದೆ. ಇನ್ನೊಬ್ಬ ಪೋಷಕರಿಗೆ ವಾರಕ್ಕೊಮ್ಮೆ ಮಗುವಿನ ಭೇಟಿ ಎಂದಿದ್ದು, ನೀವು ದೂರದ ಊರಿಗೆ ಹೋದರೆ ಆ ಭೇಟಿ ಅಸಾಧ್ಯವಾಗಿ, ಆದೇಶ ಮುರಿದವರು ನೀವಾಗುತ್ತೀರಿ. ದಾರಿ ಎರಡೇ: ಇನ್ನೊಬ್ಬ ಪೋಷಕರ ಲಿಖಿತ ಒಪ್ಪಿಗೆ ಪಡೆದು ಅದನ್ನು ನ್ಯಾಯಾಲಯದ ದಾಖಲೆಗೆ ಸೇರಿಸುವುದು, ಅಥವಾ ಆದೇಶ ಬದಲಿಸಲು ಅರ್ಜಿ ಹಾಕುವುದು. ಮೊದಲು ಹೋಗಿ, ಶಾಲೆಗೆ ಸೇರಿಸಿ, ಆಮೇಲೆ ಅರ್ಜಿ ಹಾಕುವುದು ಅತ್ಯಂತ ಕೆಟ್ಟ ಕ್ರಮ. ಹಣಕ್ಕಾಗಿ ಮಗುವನ್ನು ಕಿತ್ತುಕೊಂಡು ಹೋದರು ಎಂಬ ವಾದಕ್ಕೆ ನೀವೇ ಸಾಕ್ಷ್ಯ ಒದಗಿಸಿದಂತೆ.

ಅರ್ಜಿಯ ಜೊತೆ ಭೇಟಿಯ ಹೊಸ ವೇಳಾಪಟ್ಟಿಯನ್ನು ನೀವೇ ಬರೆದು ಕೊಡಿ. ಯಾವ ರಜೆಯಲ್ಲಿ ಎಷ್ಟು ದಿನ, ಪ್ರಯಾಣದ ಖರ್ಚು ಯಾರು ಎಷ್ಟು ಭರಿಸುತ್ತಾರೆ, ಮಗುವಿನ ಜೊತೆ ಯಾರು ಬರುತ್ತಾರೆ, ವಿಡಿಯೊ ಕರೆ ವಾರದಲ್ಲಿ ಯಾವ ದಿನ ಎಷ್ಟು ಹೊತ್ತಿಗೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ, ಮಗುವಿನ ಹಿತಕ್ಕೆ ವಿರುದ್ಧವಲ್ಲದಿದ್ದರೆ, ಇಬ್ಬರೂ ಪೋಷಕರ ಜೊತೆ ನಿಯಮಿತ ಸಂಪರ್ಕ ಇಟ್ಟುಕೊಳ್ಳುವುದನ್ನು ಮಗುವಿನ ಹಕ್ಕೆಂದೇ ಹೇಳುತ್ತದೆ. ಹೌದು, ಮಗುವಿನ ಹಕ್ಕು. ಮಾಜಿ ಸಂಗಾತಿಯ ಮೇಲಿನ ಸಿಟ್ಟು ಈ ವೇಳಾಪಟ್ಟಿಯಲ್ಲಿ ಇಣುಕಿದರೆ ಅರ್ಜಿ ದುರ್ಬಲವಾಗುತ್ತದೆ.

ದೇಶ ಬಿಡುವುದಾದರೆ ವಿಷಯ ಇನ್ನೂ ಬಿಗಿ. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದ, ಅದಕ್ಕೆ ಸೇರಿದ ದೇಶಗಳ ನಡುವೆ, 16 ವರ್ಷದೊಳಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಸುಪರ್ದಿಯ ಹಕ್ಕಿಗೆ ವಿರುದ್ಧವಾಗಿ ಕರೆದೊಯ್ದ ಅಥವಾ ಅಲ್ಲೇ ಉಳಿಸಿಕೊಂಡ ಒಂದು ವರ್ಷದೊಳಗೆ ಅರ್ಜಿ ಬಂದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಮಗುವನ್ನು ಹಿಂದಿರುಗಿಸಲು ಆದೇಶವಾಗುತ್ತದೆ. ಹಾಗಾಗಿ ಒಪ್ಪಿಗೆ ಪತ್ರದಲ್ಲಿ ಯಾವ ದೇಶ, ಯಾವ ದಿನದಿಂದ, ತಾತ್ಕಾಲಿಕವೋ ಶಾಶ್ವತವೋ ಎಂಬುದು ಸ್ಪಷ್ಟವಿರಲಿ. ‘ಎರಡು ವರ್ಷಕ್ಕೆ’ ಎಂದು ಒಪ್ಪಿಗೆ ಪಡೆದು ಮೂರನೇ ವರ್ಷವೂ ಉಳಿಯುವುದು ಇದೇ ಬಲೆಗೆ ಬೀಳುವ ದಾರಿ. ಒಪ್ಪಂದಕ್ಕೆ ಸೇರದ ದೇಶಗಳಲ್ಲಿ ಅಲ್ಲಲ್ಲಿನ ಕಾನೂನು ನಡೆಯುತ್ತದೆ; ಹೊರಡುವ ಮುನ್ನ ಎರಡೂ ಕಡೆಯ ವಕೀಲರನ್ನು ಕೇಳಬೇಕು. ಸಂಗಾತಿಯನ್ನು ಕಳೆದುಕೊಂಡವರು ಮರಣ ಪ್ರಮಾಣಪತ್ರ, ದತ್ತು ಪಡೆದವರು ದತ್ತು ಆದೇಶ, ಎಲ್ಲರೂ ಮಗುವಿನ ಜನನ ಪ್ರಮಾಣಪತ್ರ ಜೊತೆಗಿಟ್ಟುಕೊಳ್ಳಿ. ಇವುಗಳಿಗೆ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಬೇರೆ ದೇಶಕ್ಕೆ ದೃಢೀಕರಿಸುವ ಮುದ್ರೆ) ಬೇಕಾದರೆ ಅದನ್ನು ಹಾಕುವುದು ದಾಖಲೆ ಕೊಟ್ಟ ದೇಶ ಮಾತ್ರ. ದೂರ ಹೋದ ಮೇಲೆ ಅಲೆದಾಟ.

ಕೆಲವರು ‘ಮೊದಲು ನಾನು ಹೋಗಿ ನೆಲೆ ನೋಡಿಕೊಳ್ಳುತ್ತೇನೆ, ಮಗು ಆರು ತಿಂಗಳು ಅಜ್ಜಿಯ ಬಳಿ ಇರಲಿ’ ಎನ್ನುತ್ತಾರೆ. ದಂಪತಿಯಲ್ಲಿ ಒಬ್ಬರು ಹೀಗೆ ಹೋದರೆ ಮಗುವಿನ ಬಳಿ ಇನ್ನೊಬ್ಬ ಪೋಷಕರು ಉಳಿದಿರುತ್ತಾರೆ. ಇಲ್ಲಿ ಮಗುವಿಗೆ ಇರುವ ಒಬ್ಬರೇ ಹೊರಟಂತಾಗುತ್ತದೆ. ಅಜ್ಜಿಗೆ ಚಿಕಿತ್ಸೆಗೆ ಸಹಿ ಹಾಕುವ, ಶಾಲೆಯಲ್ಲಿ ತೀರ್ಮಾನ ಹೇಳುವ ಲಿಖಿತ ಅಧಿಕಾರ ಇರುವುದಿಲ್ಲ. ಸುಪರ್ದಿಯ ವ್ಯಾಜ್ಯವಿದ್ದರೆ ‘ಮಗುವನ್ನು ಬಿಟ್ಟು ಹೋದರು’ ಎಂಬ ವಾದವೂ ಹುಟ್ಟುತ್ತದೆ. ಅನಿವಾರ್ಯವಾದರೆ ಅಧಿಕಾರ ಪತ್ರ ಬರೆದುಕೊಟ್ಟು, ಒಂದು ಶಾಲಾ ಅವಧಿಗಿಂತ ಹೆಚ್ಚಾಗದಂತೆ ಕೊನೆಯ ದಿನಾಂಕ ನಿಗದಿ ಮಾಡಿ, ಆ ದಿನಾಂಕವನ್ನು ಮಗುವಿಗೂ ಹೇಳಿ.

ಆಫರ್ ಲೆಟರಿನಲ್ಲಿ ಚೌಕಾಸಿ ಮಾಡಬೇಕಾದದ್ದು ಸಂಬಳವನ್ನಷ್ಟೇ ಅಲ್ಲ. ಸ್ಥಳಾಂತರ ಭತ್ಯೆ ಒಂದೇ ಕಂತಿನಲ್ಲಿ ಮುಂಗಡವಾಗಿ ಬರುತ್ತದೋ, ಬಿಲ್ ಕೊಟ್ಟ ಮೇಲೋ? ಬಿಲ್ ಕೊಟ್ಟ ಮೇಲಾದರೆ ಮನೆಯ ಅಡ್ವಾನ್ಸ್, ಲಾರಿ ಬಾಡಿಗೆ, ಶಾಲೆಯ ಪ್ರವೇಶ ಶುಲ್ಕ, ಎರಡೂ ಮನೆಗೆ ಒಂದು ತಿಂಗಳ ಬಾಡಿಗೆ ಎಲ್ಲವೂ ಮೊದಲು ನಿಮ್ಮ ಕೈಯಿಂದಲೇ ಹೋಗುತ್ತದೆ. 12 ಅಥವಾ 24 ತಿಂಗಳೊಳಗೆ ಬಿಟ್ಟರೆ ಭತ್ಯೆ ಹಿಂದಿರುಗಿಸಬೇಕು ಎಂಬ ಷರತ್ತಿದ್ದರೆ, ದುಡಿದ ಪ್ರತಿ ತಿಂಗಳಿಗೂ ಮೊತ್ತ ಇಳಿಯುತ್ತ ಬರಬೇಕು, ಕಂಪನಿಯೇ ತೆಗೆದುಹಾಕಿದರೆ ಷರತ್ತು ಅನ್ವಯಿಸಬಾರದು ಎಂದು ಬರೆಸಿ. ಪ್ರೊಬೇಷನ್ ಅವಧಿಯಲ್ಲಿ ರಜೆ ಸಿಗುತ್ತದೆಯೇ ಕೇಳಿ. ಸಿಗದಿದ್ದರೆ ಮಗು ಹೆಚ್ಚು ಕಾಯಿಲೆ ಬೀಳುವ ತಿಂಗಳುಗಳೂ ರಜೆಯಿಲ್ಲದ ತಿಂಗಳುಗಳೂ ಒಂದೇ ಆಗುತ್ತವೆ. ಮನೆಯಿಂದ ಕೆಲಸ ಮಾಡುವ ದಿನಗಳ ಬಗ್ಗೆ ಮ್ಯಾನೇಜರರ ಬಾಯಿ ಮಾತು ಸಾಲದು. ಅವರು ಬದಲಾದ ದಿನ ಮಾತೂ ಬದಲಾಗುತ್ತದೆ. ಹಳೆಯ ಆರೋಗ್ಯ ವಿಮೆ ಮುಗಿಯುವ ದಿನಾಂಕ, ಹೊಸದು ಶುರುವಾಗುವ ದಿನಾಂಕ ಅಕ್ಕಪಕ್ಕ ಬರೆದು ನೋಡಿ. ಇದೆಲ್ಲ ಖರ್ಚಾದ ಮೇಲೂ ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಉಳಿಯಬೇಕು. ಮೂರು ತಿಂಗಳು ಸಾಕು ಎಂಬುದು ಎರಡು ಸಂಬಳದ ಮನೆಯ ಮಾತು.

ಮಗುವಿನ ವಯಸ್ಸಿನ ಬಗ್ಗೆ ಚಿಕ್ಕದಾಗಿ ಹೇಳಬಹುದು. ತೀರಾ ಸಣ್ಣ ಮಗುವಿಗೆ ನೋಡಿಕೊಳ್ಳುವವರು ಬದಲಾಗದಿದ್ದರೆ ಊರು ಬದಲಾದದ್ದು ಅಷ್ಟಾಗಿ ಕಾಡದು. ಹದಿಹರೆಯದಲ್ಲಿ ಸ್ನೇಹಿತರೇ ಊರು. ಅಂತಿಮ ಪರೀಕ್ಷೆಗೆ ಎರಡು ವರ್ಷ ಇರುವಾಗ ಪಠ್ಯಕ್ರಮ, ಬೋಧನಾ ಭಾಷೆ ಬದಲಾಗುವಂತಿದ್ದರೆ ಮುಂದೂಡುವುದೇ ಲೇಸು. ಮಗುವಿನ ಅಭಿಪ್ರಾಯ ಕೇಳಬೇಕು, ತೀರ್ಪು ಮಾತ್ರ ಅದರ ತಲೆಗೆ ಕಟ್ಟಬಾರದು. ‘ಹೋಗೋಣವೇ ಬೇಡವೇ ನೀನೇ ಹೇಳು’ ಎಂದು ಕೇಳಿಸಿಕೊಂಡ ಮಗು ಮುಂದೆ ಆಗುವ ಪ್ರತಿ ತೊಂದರೆಗೂ ತಾನೇ ಕಾರಣ ಎಂದುಕೊಳ್ಳುತ್ತದೆ.

ದೊಡ್ಡವರ ಮನಸ್ಸಿಗೂ ಒಂದು ಮಿತಿ ಇದೆ. ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಪ್ರಕಟಿಸಿದ, ಬದುಕಿನ ಘಟನೆಗಳಿಗೆ ಅಂಕ ಕೊಡುವ ಒತ್ತಡದ ಪಟ್ಟಿಯಲ್ಲಿ ಸಂಗಾತಿಯ ಸಾವಿಗೆ 100 ಅಂಕ, ವಿಚ್ಛೇದನಕ್ಕೆ 73. ಮನೆ ಬದಲಾವಣೆಗೆ 20, ಕೆಲಸದ ವೇಳೆ ಅಥವಾ ಪರಿಸ್ಥಿತಿಯ ಬದಲಾವಣೆಗೆ 20, ಕೆಲಸದ ಹೊಣೆಗಾರಿಕೆಯ ಬದಲಾವಣೆಗೆ 29, ಜೀವನ ಪರಿಸ್ಥಿತಿಯ ಬದಲಾವಣೆಗೆ 25. ಈ ನಾಲ್ಕೇ 94 ಆಯಿತು. ವಿಚ್ಛೇದನವಾಗಿ ವರ್ಷ ತುಂಬದವರಿಗೆ ಒಟ್ಟು 167. ಆ ಪಟ್ಟಿ 150 ದಾಟಿದವರಿಗೆ ಕಾಯಿಲೆಯ ಸಂಭವ ಹೆಚ್ಚು ಎನ್ನುತ್ತದೆ. ಅಳತೆ ಒರಟು, ಎಲ್ಲರಿಗೂ ಒಂದೇ ತಕ್ಕಡಿ ಎಂಬ ಟೀಕೆ ಸರಿಯೇ. ಆದರೂ ಸಾವು ಅಥವಾ ವಿಚ್ಛೇದನದ ವರ್ಷದಲ್ಲೇ ಊರು ಬಿಡುವವರು ಈ ಕೂಡುವ ಲೆಕ್ಕವನ್ನು ಒಮ್ಮೆ ನೋಡಲಿ.

ಹೋಗಬೇಡಿ ಎಂದು ಹೇಳಲು ಈ ಪತ್ರ ಬರೆದಿಲ್ಲ. ಅಕ್ಕತಂಗಿಯರೋ ಹಳೆಯ ಗೆಳೆಯರೋ ಇರುವ ಊರಿಗೆ ಕಡಿಮೆ ಸಂಬಳಕ್ಕೆ ಹೋಗುವುದು, 94 ಗಂಟೆಯ ಲೆಕ್ಕದಲ್ಲಿ, ಎಷ್ಟೋ ವೇಳೆ ಲಾಭವೇ. ಹಾಗೆ ಯಾರೂ ಇಲ್ಲದ ಊರಾದರೆ ಸೇರಲು ಆರು ತಿಂಗಳ ಗಡುವು, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಶಾಲಾ ವರ್ಷದ ಆರಂಭಕ್ಕೆ ಸೇರುವ ಅವಕಾಶ ಇವನ್ನು ಕೇಳಿ, ಸಿಗದಿದ್ದರೆ ಬೇಡವೆನ್ನಲು ಅಂಜಬೇಕಿಲ್ಲ.

ಉದ್ಯೋಗದಾತರಿಗೊಂದು ಮಾತು. ವರ್ಗಾವಣೆ ಪತ್ರ ಕೊಟ್ಟು ಒಂದು ವಾರದಲ್ಲಿ ಉತ್ತರ ಕೇಳುವ ಪದ್ಧತಿ ಒಂಟಿ ಪೋಷಕರನ್ನು ಬಾಗಿಲಲ್ಲೇ ತಡೆದಂತೆ. ಶಾಲೆಯಲ್ಲಿ ಸೀಟು ವಿಚಾರಿಸಲು, ವಕೀಲರನ್ನು ಕಾಣಲು, ಕೆಲಸದ ದಿನವೊಂದರಲ್ಲಿ ಊರು ನೋಡಿ ಬರಲು ಕನಿಷ್ಠ 30 ದಿನ ಬೇಕು. ನ್ಯಾಯಾಲಯದ ಅನುಮತಿ ಬೇಕಿದ್ದರೆ ಸೇರುವ ದಿನಾಂಕವನ್ನು ಆ ಅನುಮತಿಗೆ ಜೋಡಿಸಬೇಕು. ತಮ್ಮ ಉದ್ಯೋಗ ಪುಟದಲ್ಲಿ ವರ್ಗಾವಣೆಯ ಬಗ್ಗೆ ಬರೆಯುವವರು ಕಂಪನಿಗಳ ಎಚ್.ಆರ್. ವಿಭಾಗಗಳನ್ನು ಈ ಎರಡು ವಿಷಯದ ಬಗ್ಗೆ ಕೇಳಿ, ಅವರ ಉತ್ತರ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ